24 ಸೆಕೆಂಡಿನ ತಡಕ್ಕೆ 19 ರೂಪಾಯಿ

ಬೆಳಗಿನ 5 ಗಂಟೆಗೆ ಕಂಪ್ಯೂಟರ್ ಆನ್ ಮಾಡಿದೊಡನೆ ಮೇಜಿನ ಮೇಲಿನ ಪುಟ್ಟ ಯುಎಸ್‌ಬಿ ಸ್ಪೀಕರ್ 'ಧಬ್' ಎನ್ನುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಬೆಚ್ಚಿಬೀಳುತ್ತಿತ್ತು. ಸೌಂಡ್ ಭಾಗದ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಕ್ಷಣದಲ್ಲಿ ಆಗುವ ವೋಲ್ಟೇಜ್ ಜಿಗಿತವನ್ನು ಆಗಲೇ ಚಾಲೂ ಆಗಿರುವ ಸ್ಪೀಕರ್ ದೊಡ್ಡದು ಮಾಡಿ ಕೇಳಿಸುತ್ತದೆ. ಆ ಜಿಗಿತ ಮುಗಿದ ಮೇಲೆ ಸ್ಪೀಕರ್‌ಗೆ ಕರೆಂಟ್ ಕೊಟ್ಟರೆ ಸದ್ದಿಲ್ಲ. ಅದಕ್ಕೆ ಬೇಕಾದದ್ದು ತಡವಾಗಿ ಆನ್ ಆಗುವ ಒಂದು ಸ್ವಿಚ್.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಅದನ್ನು ಮನೆಯಲ್ಲೇ ಕಟ್ಟಿದೆ. ಖರ್ಚಿನ ಲೆಕ್ಕ ಹೀಗಿದೆ. ಅಂಗಡಿಯಿಂದ ಅಂಗಡಿಗೆ ದರ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ.

555 ಟೈಮರ್ ಐಸಿ: ರೂ. 10
8 ಕಾಲಿನ ಐಸಿ ಬೇಸ್: ರೂ. 3
5 ವೋಲ್ಟ್ ರಿಲೇ: ರೂ. 25
2ಎನ್2222 ಟ್ರಾನ್ಸಿಸ್ಟರ್: ರೂ. 4
ಡಯೋಡ್ 2: ರೂ. 2
ರೆಸಿಸ್ಟರ್ 3: ರೂ. 3
220 ಮೈಕ್ರೋ ಫ್ಯಾರಡ್ ಕೆಪಾಸಿಟರ್: ರೂ. 4
ಸಣ್ಣ ಕೆಪಾಸಿಟರ್ 2: ರೂ. 2
ಎಲ್‌ಇಡಿ: ರೂ. 2
ಜೀರೋ ಪಿಸಿಬಿ: ರೂ. 15
ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್: ರೂ. 40
ಪ್ಲಾಸ್ಟಿಕ್ ಡಬ್ಬಿ: ರೂ. 25
ಒಟ್ಟು: ರೂ. 135

ಇದರಲ್ಲಿ ಬೋರ್ಡು, ಕೇಬಲ್, ಡಬ್ಬಿಗಳಿಗೇ 80 ರೂಪಾಯಿ, ಅಂದರೆ ಶೇ 59. ಸಮಯ ಎಣಿಸುವ ಕೆಲಸ ಮಾಡುವವು ಐಸಿ, ಅದರ ಬೇಸ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಮತ್ತು ಒಂದು ಡಯೋಡ್. ಇವಿಷ್ಟರ ಬೆಲೆ 19 ರೂಪಾಯಿ.

ತಡದ ಲೆಕ್ಕ

555 ಐಸಿಯನ್ನು ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂದ ಅದು ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಇಲ್ಲಿ ಕೆಪಾಸಿಟರಿನ ಧನ ತುದಿ 5 ವೋಲ್ಟಿಗೆ, ಇನ್ನೊಂದು ತುದಿ ಐಸಿಯ 2 ಮತ್ತು 6ನೇ ಕಾಲುಗಳಿಗೆ ಸೇರುತ್ತದೆ. ಅಲ್ಲಿಂದ ರೆಸಿಸ್ಟರ್ ಗ್ರೌಂಡಿಗೆ ಹೋಗುತ್ತದೆ. ಕರೆಂಟ್ ಬಂದಾಗ ಆ ಕಾಲುಗಳಲ್ಲಿ 5 ವೋಲ್ಟ್ ಇರುತ್ತದೆ, ಮೆಲ್ಲಗೆ ಇಳಿಯುತ್ತದೆ. ಮೂರನೇ ಒಂದು ಭಾಗ, ಅಂದರೆ 1.67 ವೋಲ್ಟಿಗಿಂತ ಕೆಳಗಿಳಿದೊಡನೆ 3ನೇ ಕಾಲು ಆನ್ ಆಗಿ, ಟ್ರಾನ್ಸಿಸ್ಟರ್ ಮೂಲಕ ರಿಲೇಯನ್ನು ಎಳೆಯುತ್ತದೆ. ಆಗ ಸ್ಪೀಕರ್‌ಗೆ ಕರೆಂಟ್ ಸಿಗುತ್ತದೆ.

ಈ ಇಳಿತಕ್ಕೆ ಹಿಡಿಯುವ ಕಾಲ: 1.1 × ರೆಸಿಸ್ಟರ್ × ಕೆಪಾಸಿಟರ್. ಕೆಪಾಸಿಟರ್ 220 ಮೈಕ್ರೋ ಫ್ಯಾರಡ್ ಎಂದಿಟ್ಟುಕೊಂಡರೆ:

47 ಕಿಲೋ ಓಮ್: 11.4 ಸೆಕೆಂಡ್
100 ಕಿಲೋ ಓಮ್: 24.2 ಸೆಕೆಂಡ್
220 ಕಿಲೋ ಓಮ್: 53.2 ಸೆಕೆಂಡ್

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಅಳತೆ ಸಾಮಾನ್ಯವಾಗಿ ಶೇ 20ರಷ್ಟು ಆಚೀಚೆ ಇರುತ್ತದೆ. ಹಾಗಾಗಿ 24.2 ಸೆಕೆಂಡ್ ಎಂಬುದು 19ರಿಂದ 29ರ ನಡುವೆ ಎಲ್ಲಾದರೂ ಬರಬಹುದು. ನನ್ನದು 26ಕ್ಕೆ ನಿಂತಿತು. ಈ ಕೆಲಸಕ್ಕೆ ಅಷ್ಟು ಸಾಕು.

ದೊಡ್ಡ ರೆಸಿಸ್ಟರ್ ಹಾಕಿದರೆ ನಿಮಿಷಗಟ್ಟಲೆ ತಡ ಸಿಗಬೇಕಲ್ಲವೇ ಎಂದು 1 ಮೆಗಾ ಓಮ್ ಹಾಕಿ ನೋಡಿದೆ. ಸೂತ್ರದ ಪ್ರಕಾರ 242 ಸೆಕೆಂಡ್. ಹತ್ತು ನಿಮಿಷ ಕಾದರೂ ರಿಲೇ 'ಟಿಕ್' ಎನ್ನಲಿಲ್ಲ. 1.67 ವೋಲ್ಟಿನಲ್ಲಿ 1 ಮೆಗಾ ಓಮ್ ಮೂಲಕ ಹರಿಯುವುದು ಬರೀ 1.67 ಮೈಕ್ರೋ ಆಂಪ್. ಕೆಪಾಸಿಟರಿನ ಒಳಸೋರಿಕೆಯೇ ಅದನ್ನು ಮೀರಿದರೆ ವೋಲ್ಟೇಜ್ ಅಲ್ಲಿಗೆ ಇಳಿಯುವುದೇ ಇಲ್ಲ. ಅದೇ 100 ಕಿಲೋ ಓಮ್ ಇದ್ದರೆ ಹರಿವು ಹತ್ತು ಪಟ್ಟು. ಹೆಚ್ಚು ತಡ ಬೇಕಿದ್ದರೆ ಒಳಸೋರಿಕೆ ಕಡಿಮೆ ಇರುವ ಕೆಪಾಸಿಟರ್ ಆರಿಸಿ.

ಇನ್ನೊಂದು ಪಾಠ ಕರೆಂಟ್ ಹೋಗಿ ತಟ್ಟನೆ ಬಂದಾಗ ಸಿಕ್ಕಿತು. ಕೆಪಾಸಿಟರ್ ಖಾಲಿಯಾಗಿರದ ಕಾರಣ ತಡ ಕೆಲವೇ ಸೆಕೆಂಡಿಗೆ ಇಳಿದಿತ್ತು. ರೆಸಿಸ್ಟರಿನ ಎರಡೂ ತುದಿಗೆ, ಗೆರೆ ಇರುವ ಬದಿ ಐಸಿ ಕಡೆ ಬರುವಂತೆ, ಒಂದು 1ಎನ್4148 ಡಯೋಡ್ ಸೇರಿಸಿದೆ. ಒಂದು ರೂಪಾಯಿಯಲ್ಲಿ ಆ ತೊಂದರೆ ನೀಗಿತು.

ವಿದ್ಯುತ್ ಲೆಕ್ಕ

ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪ್. 70 ಓಮ್ ಸುರುಳಿಯ ರಿಲೇ 71 ಮಿಲಿ ಆಂಪ್ ನುಂಗುತ್ತದೆ, ಐಸಿ ಮತ್ತು ಎಲ್‌ಇಡಿಗೆ ಇನ್ನು ಹತ್ತರಷ್ಟು. ಸ್ಪೀಕರ್‌ಗೆ ಸುಮಾರು 420 ಉಳಿಯುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಬಳಸಿದರೆ ರಿಲೇ ತಿನ್ನುವುದು ಸುಮಾರು 1 ಯೂನಿಟ್.

ಕಟ್ಟಬೇಕೋ, ಕೊಳ್ಳಬೇಕೋ?

ಸಿದ್ಧ ಟೈಮರ್ ಮಾಡ್ಯೂಲಿಗೆ ನನಗೆ ಹೇಳಿದ ಬೆಲೆ 120 ರೂಪಾಯಿ. ಕೇಬಲ್, ಡಬ್ಬಿ ಸೇರಿದರೆ 185. ಮನೆಯಲ್ಲಿ ಕಟ್ಟಿದರೆ ಉಳಿಯುವುದು 50 ರೂಪಾಯಿ. ಸೋಲ್ಡರಿಂಗ್ ಐರನ್, ಸೋಲ್ಡರ್ ವೈರ್, ಮಲ್ಟಿಮೀಟರ್ ಹೊಸದಾಗಿ ಕೊಳ್ಳಲು ಸುಮಾರು 700 ರೂಪಾಯಿ ಬೇಕು. ಅದು ವಾಪಸು ಬರಲು 14 ಸ್ವಿಚ್ ಕಟ್ಟಬೇಕು. ಸಲಕರಣೆ ಇಲ್ಲದವರು, ಒಂದೇ ಸಾಕೆನ್ನುವವರು ಕೊಂಡುಬಿಡುವುದೇ ಲಾಭ.

ಒಂದು ಮಾತು ಮಾತ್ರ ಮರೆಯಬೇಡಿ. ಈ ಬೋರ್ಡು 5 ವೋಲ್ಟಿಗೆ ಕಟ್ಟಿದ್ದು. ರಿಲೇ ಮೇಲೆ 250 ವೋಲ್ಟ್ ಎಂದು ಬರೆದಿದ್ದರೂ ಜೀರೋ ಪಿಸಿಬಿಯ ಒತ್ತೊತ್ತಾದ ತೂತುಗಳ ಮೇಲೆ ಮನೆಯ 230 ವೋಲ್ಟ್ ಹರಿಸಬೇಡಿ.

ಶಾಲೆಗಳ ಲೆಕ್ಕವೇ ಬೇರೆ. ಕೇಬಲ್, ಡಬ್ಬಿ ಬಿಟ್ಟರೆ ಒಂದಕ್ಕೆ 70 ರೂಪಾಯಿ. 20 ಮಕ್ಕಳಿಗೆ 1,400. ಹಳೆಯ 5 ವೋಲ್ಟ್ ಮೊಬೈಲ್ ಚಾರ್ಜರಿನಲ್ಲೇ ನಡೆಯುತ್ತದೆ. ವಿಜ್ಞಾನ ಶಿಕ್ಷಕರೇ, ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ನಿಲ್ಲಿಸಬೇಡಿ. ಮಕ್ಕಳು ಗಡಿಯಾರ ಹಿಡಿದು ತಾವೇ ಎಣಿಸಲಿ.