ಬಂಡೆಯೇ ಮನೆ, ಬಂಡೆಗೇ ಗಂಡಾಂತರ: ನಂದಿಬೆಟ್ಟದ ಹಳದಿ ಕೊರಳಿನ ಪಿಕಳಾರ

ಚಿಕ್ಕಬಳ್ಳಾಪುರ: ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಸಾಲುಗಟ್ಟಿ ಏರುವ ಕಾರು, ಬೈಕುಗಳ ಜನಕ್ಕೆ ಬೇಕಾದ್ದು ಮಂಜು, ಸೂರ್ಯೋದಯ, ಆಮೇಲೊಂದು ಲೋಟ ಬಿಸಿ ಕಾಫಿ. ಆದರೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬರುವ ಕೆಲವರಿದ್ದಾರೆ. ಇವರು ಸೂರ್ಯನ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣೆಲ್ಲ ಬಂಡೆ ಸಂದಿಯ ಪೊದೆಗಳ ಮೇಲೆ. ಹೊರದೇಶಗಳಿಂದಲೂ ವಿಮಾನ ಹತ್ತಿ ಬಂದು ಇವರು ಹುಡುಕುವುದು ಒಂದು ಹಕ್ಕಿಯನ್ನು: ಹಳದಿ ಕೊರಳಿನ ಪಿಕಳಾರ.

ಪಿಕಳಾರ ನಮ್ಮ ಹಿತ್ತಿಲಲ್ಲೇ ಇದೆಯಲ್ಲ, ಅದಕ್ಕೆ ಬೆಟ್ಟ ಯಾಕೆ ಹತ್ತಬೇಕು ಅಂತೀರಾ? ಹಿತ್ತಿಲಲ್ಲಿರುವುದು ಬೇರೆ. ಅದರ ತಲೆ ಕಪ್ಪು, ಬಾಲದ ಬುಡ ಕೆಂಪು. ದ್ರಾಕ್ಷಿ ತೋಟಕ್ಕೆ ನುಗ್ಗಿ ರೈತರಿಂದ ಬೈಸಿಕೊಳ್ಳುವುದೂ ಅದೇ. ಬೆಟ್ಟದ್ದಕ್ಕೆ ಜುಟ್ಟಿಲ್ಲ. ತಲೆ ಹಳದಿ ಬೆರೆತ ಹಸಿರು, ಕೊರಳು ಅಚ್ಚ ಹಳದಿ, ಎದೆ ಬೂದಿ ಬಣ್ಣ. ಗಾತ್ರ ಒಂದು ಗೇಣು. ಬಲು ಸಂಕೋಚದ ಪ್ರಾಣಿ. ದನಿ ಕೇಳಿಸುತ್ತದೆ, ಹಕ್ಕಿ ಕಾಣಿಸುವುದಿಲ್ಲ.

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬ ಇಂಗ್ಲಿಷಿನವನು 1845ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ದಕ್ಷಿಣ ಭಾರತದ ಕಲ್ಲು ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ. ನಂದಿ, ರಾಮನಗರ, ದೇವರಾಯನದುರ್ಗ, ಹಂಪಿ ಹತ್ತಿರದ ದರೋಜಿ, ಚಿಂತಾಮಣಿಯವರಿಗೆ ಗೊತ್ತಿರುವ ಮದನಪಲ್ಲಿ ಆಚೆಯ ಹಾರ್ಸ್‌ಲಿ ಬೆಟ್ಟ, ಹೀಗೆ ಅಲ್ಲೊಂದು ಇಲ್ಲೊಂದು ಕಡೆ ಉಳಿದುಕೊಂಡಿದೆ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಹೆಸರು ಸೇರಿದೆ. ತೀರಾ ಕೊನೆಯ ಮೆಟ್ಟಿಲಲ್ಲಿಲ್ಲ ನಿಜ, ಆದರೆ ಕಾಲು ಜಾರಿದೆ. ಈ ಹಕ್ಕಿಯ ಸ್ಥಿತಿಗತಿ ಕುರಿತು ಬೆಂಗಳೂರಿನ ಪಕ್ಷಿತಜ್ಞರಾದ ಎಸ್. ಸುಬ್ರಮಣ್ಯ, ಜೆ.ಎನ್. ಪ್ರಸಾದ್, ಎಸ್. ಕಾರ್ತಿಕೇಯನ್ 2006ರಲ್ಲಿ ದೊಡ್ಡ ವರದಿಯನ್ನೇ ಪ್ರಕಟಿಸಿದರು.

ತೊಂದರೆ ಇರುವುದು ಹಕ್ಕಿಯ ಗುಣದಲ್ಲೇ. ಇದಕ್ಕೆ ಬಂಡೆಯೂ ಬೇಕು, ಬಂಡೆ ನಡುವಿನ ಕುರುಚಲು ಕಾಡೂ ಬೇಕು. ಅತ್ತಿ, ಆಲದ ಜಾತಿಯ ಮರಗಳ ಹಣ್ಣು, ಪೊದೆಯ ಹಣ್ಣು, ಹುಳುಹುಪ್ಪಟೆ ಇದರ ಊಟ. ನೀಲಗಿರಿ ತೋಪಿನಲ್ಲಿ ಇದಕ್ಕೆ ತುತ್ತಿಲ್ಲ. ಬಯಲಿನ ಹೊಲ ದಾಟಿ ಇನ್ನೊಂದು ಬೆಟ್ಟ ಸೇರುವುದೂ ಸುಲಭವಲ್ಲ. ಒಂದೊಂದು ಬೆಟ್ಟವೂ ಒಂದೊಂದು ದ್ವೀಪ ಇದ್ದಂತೆ. ಒಂದು ಗುಡ್ಡ ಕರಗಿದರೆ ಅಲ್ಲಿನ ಸಂಸಾರದ ಕಥೆ ಮುಗಿಯಿತು.

ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಹೇಗೆ ಕರಗುತ್ತಿವೆ ಎಂದು ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ ಹೋಗುವುದು ಇಂಥ ಬೆಟ್ಟಗಳಿಂದಲೇ. 2021ರ ಫೆಬ್ರವರಿಯಲ್ಲಿ ಪೇರೇಸಂದ್ರ ಬಳಿಯ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಆಗ ಇಡೀ ರಾಜ್ಯದ ಕಣ್ಣು ಇತ್ತ ತಿರುಗಿತು. ಮನುಷ್ಯರು ಸತ್ತಾಗಲೇ ಲೆಕ್ಕಕ್ಕೆ ಬರುವ ಸಿಡಿಮದ್ದು, ಹಕ್ಕಿಯ ಗೂಡು ಹಾರಿಹೋದರೆ ಯಾವ ಠಾಣೆಯಲ್ಲಿ ದಾಖಲಾದೀತು?

ನಂದಿಬೆಟ್ಟದಲ್ಲಿ ಕ್ವಾರಿಯ ಕಾಟವಲ್ಲ, ಜನರ ಕಾಟ. ಬೇಸಿಗೆಯಲ್ಲಿ ಒಣಗಿದ ಬೋದೆಹುಲ್ಲಿಗೆ ಒಂದು ಬೀಡಿ ತುಂಡು ಸಾಕು, ಇಳಿಜಾರೆಲ್ಲ ಕರಿ. 2023ರ ಮಾರ್ಚಿನಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ರೋಪ್‌ವೇ ಬಂದರೆ ಕಾರುಗಳ ಹೊಗೆ ತಗ್ಗುತ್ತದೆ ಎಂಬ ವಾದವಿದೆ, ಸುಳ್ಳೇನಲ್ಲ. ಆದರೆ ಕಂಬಗಳು ನಿಲ್ಲಬೇಕಾದ್ದು ಇಳಿಜಾರಿನಲ್ಲೇ, ಪಿಕಳಾರ ಇರುವುದೂ ಇಳಿಜಾರಿನಲ್ಲೇ. ಒಂದು ಪೊದೆ ಕಡಿಯುವ ಮುನ್ನ ಹಕ್ಕಿ ಬಲ್ಲವರನ್ನು ಕರೆದು ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಹಕ್ಕಿ ಹೋದರೆ ಅಂಗಡಿಯವನಿಗೇನು ನಷ್ಟ ಎನ್ನುವವರಿಗೆ 2021ರ ಆಗಸ್ಟ್ ನೆನಪಿರಬೇಕು. ಒಂದು ರಾತ್ರಿಯ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕಿತ್ತುಹೋಯಿತು. ಡಿಸೆಂಬರ್‌ವರೆಗೆ ಪ್ರವಾಸಿಗರಿಲ್ಲ, ದಾರಿಯುದ್ದಕ್ಕೂ ವ್ಯಾಪಾರವಿಲ್ಲ. ಮಣ್ಣನ್ನು ಹಿಡಿದು ಬಂಡೆಗೆ ಕಟ್ಟಿಹಾಕಿರುವುದು ಆ ಕುರುಚಲು ಬೇರುಗಳೇ. ಉತ್ತರ ಪಿನಾಕಿನಿಯಂಥ ನದಿಗಳಿಗೆ ಮೊದಲ ಹನಿ ಇಳಿಯುವುದೂ ಈ ಬೆಟ್ಟಸಾಲಿನ ಪೊದೆಗಳ ಬುಡದಿಂದಲೇ.

ನೋಡುವ ಆಸೆಯಿದ್ದವರು ಬೆಳಿಗ್ಗೆ ಬೇಗ ಹೋಗಬೇಕು. ವಾಹನಗಳ ಗದ್ದಲವಿಲ್ಲದ ವಾರದ ದಿನವಾದರೆ ಒಳ್ಳೆಯದು. ಮೊಬೈಲಿನ ಹಾಡು ನಿಲ್ಲಿಸಿ, ಹಣ್ಣು ಬಿಟ್ಟ ಮರದ ಹತ್ತಿರ ಸುಮ್ಮನೆ ಕೂತರೆ ಬಂಡೆ ಮರೆಯಿಂದ ಹಳದಿ ಕೊರಳು ಒಮ್ಮೆ ಇಣುಕೀತು.