ಅಕ್ಕಡಿ ಸಾಲಿನ ನಡುವೆ ಏಳುವ ಕಳೆ

ಅಕ್ಕಡಿ, ಎಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೆಳೆಯ ಸಾಲು, ಹಾಕಿದ ಹೊಲದಲ್ಲಿ ಕಳೆ ಎಲ್ಲೆಡೆ ಒಂದೇ ಸಮ ಬೆಳೆಯುವುದಿಲ್ಲ. ತುಮಕೂರು, ಕೋಲಾರದ ಕೆಂಪು ಮಣ್ಣಿನಲ್ಲಿ 8 ಸಾಲು ರಾಗಿಗೆ 2 ಸಾಲು ತೊಗರಿ ಬಿತ್ತಿದ ಹೊಲಕ್ಕೆ ತಿಂಗಳು ಕಳೆದ ಮೇಲೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ರಾಗಿ ತೆಂಡೆಯೊಡೆದು ನೆಲ ಮುಚ್ಚತೊಡಗಿರುತ್ತದೆ; ತೊಗರಿ ಇನ್ನೂ ಗೇಣುದ್ದ. ಮೊದಲ ಒಂದೂವರೆ ತಿಂಗಳು ಅದರ ಬೆಳವಣಿಗೆ ಬಹಳ ನಿಧಾನ. ಬಿಸಿಲು ಬೀಳುವ ಆ ಪಟ್ಟಿಯಲ್ಲೇ ಜೇಕು, ಗರಿಕೆ, ಅಣ್ಣೆ ಸೊಪ್ಪು ಏಳುತ್ತವೆ.

ಇಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಸಮಯದಲ್ಲಿ. ಬಿತ್ತಿದ ಮೂರನೇ ವಾರಕ್ಕೆ ಒಮ್ಮೆ, ಹದ ನೋಡಿ ಮತ್ತೊಮ್ಮೆ ಎಡೆಕುಂಟೆ ಹೊಡೆದರೆ ಸಾಲಿನ ನಡುವಿನ ಕಳೆ ಬುಡಮೇಲಾಗುತ್ತದೆ, ಮೇಲ್ಮಣ್ಣು ಸಡಿಲಗೊಂಡು ತೇವವೂ ಉಳಿಯುತ್ತದೆ. ಸಾಲುಬಿತ್ತನೆಗೆ ಇನ್ನೊಂದು ಗುಣವಿದೆ. ರಾಗಿಯ ಕುಲಕ್ಕೇ ಸೇರಿದ ಕಾಡುಹುಲ್ಲೊಂದು ಎಳೆಯದಿದ್ದಾಗ ಥೇಟ್ ರಾಗಿಯ ಪೈರಿನಂತೆಯೇ ಇರುತ್ತದೆ. ಸಾಲು ತಪ್ಪಿ ಎದ್ದದ್ದನ್ನು ಅನುಮಾನವಿಲ್ಲದೆ ಕೀಳಬಹುದು. ಎರಡು ಬೆಳೆ ಕೂಡುವ ಅಂಚು ಮಾತ್ರ ಕಷ್ಟದ ಜಾಗ. ಅಲ್ಲಿ ಸಾಲಿನ ಅಂತರ ಬದಲಾಗುತ್ತದೆ, ಒಂದೇ ಅಳತೆಯ ಕುಂಟೆ ಅಷ್ಟು ನೆಲವನ್ನು ಬಿಟ್ಟು ಸಾಗುತ್ತದೆ. ಉಳಿದದ್ದು ಕೈಗಳೆಗೆ, ಎಂದರೆ ಬಹುಮಟ್ಟಿಗೆ ಹೆಂಗಸರ ಬೆನ್ನಿಗೆ.

ಈ ದುಡಿಮೆಗೆ ಆಳು ಸಿಗದಾದಾಗ ಕಳೆನಾಶಕ ಹೊಲಕ್ಕೆ ಬರುತ್ತದೆ. ಅಕ್ಕಡಿಯ ನಿಜವಾದ ಬಿಕ್ಕಟ್ಟು ಇದು. 2,4-ಡಿ ಎಂಬ ಕಳೆನಾಶಕ ಅಗಲ ಎಲೆಯ ಕಳೆಗಳನ್ನು ಕೊಂದು ಹುಲ್ಲಿನ ಜಾತಿಯ ರಾಗಿಯನ್ನು ಉಳಿಸುತ್ತದೆ. ಆದರೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಎಲ್ಲವೂ ಅಗಲ ಎಲೆಯವೇ. ಬರೀ ರಾಗಿ ಬೆಳೆಯುವವನಿಗೆ ಅನುಕೂಲವಾಗುವ ಔಷಧಿ ಅಕ್ಕಡಿ ಬೆಳೆಯುವವನ ಬೇಳೆಕಾಳನ್ನೇ ತೆಗೆಯುತ್ತದೆ. ಹಾಗಾಗಿ ಸಿಂಪಡಿಸಲು ನಿರ್ಧರಿಸಿದ ರೈತ ಮೊದಲು ಅಕ್ಕಡಿ ಸಾಲನ್ನೇ ಕೈಬಿಡುತ್ತಾನೆ. ಜೊತೆಗೆ ಬೆರಕೆ ಸೊಪ್ಪೂ ಹೋಗುತ್ತದೆ. ಅಣ್ಣೆ, ಗೋಣಿ, ಹೊನಗೊನ್ನೆಗಳನ್ನು ಕಳೆ ಕೀಳುತ್ತಲೇ ಮಡಿಲಿಗೆ ತುಂಬಿಕೊಂಡು ಬಂದು ಮಸ್ಸೊಪ್ಪು ಮಾಡುವ ಮನೆಗಳಿಗೆ ಅದು ಸಣ್ಣ ನಷ್ಟವಲ್ಲ.

ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಅಕ್ಕಡಿಯಂತೆಯೇ ಬೆಳೆಗಳನ್ನು ಬೆರೆಸಿ ಬಿತ್ತುವ ಪಟ್ಟಿ ಬೇಸಾಯಕ್ಕೆ ಮಣ್ಣಿನ ಸವಕಳಿ ತಡೆಯುವ ಉದ್ದೇಶವೂ ಇದೆ. ಎತ್ತರಕ್ಕೆ ಬೆಳೆಯುವ ಜೋಳದ ಪಟ್ಟಿಗಳ ನಡುವೆ ಮಡಿಕೆ, ಹುರುಳಿ, ಶೇಂಗಾದಂಥ ನೆಲಹಬ್ಬುವ ಬೆಳೆಗಳಿದ್ದರೆ ಮಳೆನೀರಿನ ಓಟ ತಗ್ಗುತ್ತದೆ. ಹಬ್ಬಿದ ಬಳ್ಳಿಯ ನೆರಳಿನಲ್ಲಿ ಕಳೆಯೂ ಸೊರಗುತ್ತದೆ, ಆದರೆ ಹಬ್ಬುವ ತನಕ ಕುಂಟೆ ತಪ್ಪದು.

ಎತ್ತು ಕಡಿಮೆಯಾದ ಊರುಗಳಲ್ಲಿ ಕೈಯಿಂದ ತಳ್ಳುವ ಸೈಕಲ್ ಕುಂಟೆ ಒಂದಿಷ್ಟು ಆಸರೆಯಾಗಿದೆ. ಸಾಲಿನ ಅಂತರಕ್ಕೆ ತಕ್ಕಂತೆ ಅಗಲ ಬದಲಿಸಬಹುದಾದ ಹಗುರ ಕುಂಟೆಗಳು ಊರೂರಿನಲ್ಲೂ ಬಾಡಿಗೆಗೆ ಸಿಗುವಂತಾಗಬೇಕು. ಕಳೆನಾಶಕದಷ್ಟೇ ಸಲೀಸಾಗಿ ಅವು ರೈತನ ಕೈಗೆ ಸಿಕ್ಕರೆ ಮುಂದಿನ ಮುಂಗಾರಿಗೆ ತೊಗರಿ ಸಾಲು ಬಿಡಬೇಕೆಂದಿರುವವರಲ್ಲಿ ಕೆಲವರಾದರೂ ಮತ್ತೆ ಬಿತ್ತುತ್ತಾರೆ.