ಕಣವೊಂದು ಬಡಿದರೆ ಉಪಗ್ರಹ ಏನು ಮಾಡುತ್ತದೆ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಊರಿಗಾಂ ದಾಟಿದರೆ ಮುಂದಿನ ನಿಲ್ದಾಣ ಚಾಂಪಿಯನ್. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂಗಡಿಗರು ಒಸಾಕಾ, ಡರ್ಹ್ಯಾಂ ವಿಜ್ಞಾನಿಗಳ ಜೊತೆಗೂಡಿ ಚಿನ್ನದ ಗಣಿಯನ್ನು ಆರಿಸಿಕೊಂಡದ್ದು ವಿಶ್ವಕಿರಣಗಳ ಗದ್ದಲದಿಂದ ದೂರವಾಗಲು. ನೆಲದ ಮೇಲೆ ಅಂಗೈಯನ್ನು ತೂರಿಕೊಂಡು ಸೆಕೆಂಡಿಗೆ ಸುಮಾರು ಒಂದು ಮ್ಯುಆನ್, ಅಂದರೆ ವಿಶ್ವಕಿರಣಗಳಿಂದ ಹುಟ್ಟಿದ ಕಣ, ಹೋಗುತ್ತದೆ. ಅಷ್ಟು ಬಂಡೆಯನ್ನು ದಾಟಿ ಕೆಳಗೆ ಬರುವವು ತೀರಾ ವಿರಳ.

ಉಪಗ್ರಹಕ್ಕೆ ಈ ಬಂಡೆಯ ಮರೆಯೂ ಇಲ್ಲ, ವಾತಾವರಣದ ಹೊದಿಕೆಯೂ ಇಲ್ಲ. ವೇಗದ ಕಣವೊಂದು ಚಿಪ್‌ಗೆ ಬಡಿದರೆ ಮೆಮೊರಿಯಲ್ಲಿ 0 ಇದ್ದದ್ದು 1 ಆಗಬಹುದು. ದುಬಾರಿ ಉಪಗ್ರಹಗಳಲ್ಲಿ ವಿಕಿರಣ ತಡೆದುಕೊಳ್ಳುವ ಚಿಪ್‌ಗಳಿರುತ್ತವೆ. ಪುಟ್ಟ ಉಪಗ್ರಹಗಳಲ್ಲಿ ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್‌ಗಳೇ. ಹಾಗಾಗಿ ಕಾಯುವ ಹೊಣೆ ಸಾಫ್ಟ್‌ವೇರ್ ಮೇಲೆ ಬೀಳುತ್ತದೆ. ಸಾಫ್ಟ್‌ವೇರ್ ನಿಗದಿತ ಹೊತ್ತಿಗೆ 'ಬದುಕಿದ್ದೇನೆ' ಎಂದು ಸಂಕೇತ ಕೊಡದಿದ್ದರೆ ವಾಚ್‌ಡಾಗ್ ಎಂಬ ಟೈಮರ್ ಇಡೀ ಕಂಪ್ಯೂಟರನ್ನು ಮತ್ತೆ ಶುರು ಮಾಡುತ್ತದೆ.

ಆದರೆ ಆ ವಾಚ್‌ಡಾಗ್ ನಿಜವಾಗಿ ಎಚ್ಚರವಾಗಿದೆಯೇ? ಅದನ್ನು ನೆಲದ ಮೇಲೇ ನೋಡಿಬಿಡಬೇಕು. ಉಪಗ್ರಹದ ಬೋರ್ಡುಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸುವ ಮೊದಲು ಮೇಜಿನ ಮೇಲೆ ಹರಡಿ, ತಂತಿಗಳಿಂದ ಜೋಡಿಸುತ್ತಾರೆ. ಪಕ್ಕದ ಕಂಪ್ಯೂಟರ್ ಸೂರ್ಯನ ದಿಕ್ಕು, ಭೂಮಿಯ ಕಾಂತಕ್ಷೇತ್ರ ಎಲ್ಲವನ್ನೂ ಅದಕ್ಕೆ ನಿಜವೆಂಬಂತೆ ಉಣಿಸುತ್ತದೆ. ಉಪಗ್ರಹ ತಾನು ಕಕ್ಷೆಯಲ್ಲಿದ್ದೇನೆ ಎಂದೇ ನಡೆದುಕೊಳ್ಳುತ್ತಿರುವಾಗ ಬೇಕೆಂದೇ ಮೆಮೊರಿಯ ಒಂದು ಬಿಟ್ ತಿರುಗಿಸುತ್ತಾರೆ, ಸೆನ್ಸರ್ ಒಂದರ ತಂತಿ ಕೀಳುತ್ತಾರೆ, ಬ್ಯಾಟರಿಯ ವೋಲ್ಟೇಜ್ ಇಳಿಸುತ್ತಾರೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವ ಹಂತ ಇದು. ತಾವು ಕಟ್ಟಿದ್ದನ್ನು ತಾವೇ ಕೆಡಿಸಿ ನೋಡಲು ಎದೆಗಾರಿಕೆ ಬೇಕು.

ಯಂತ್ರದಂತೆ ಮನುಷ್ಯರಿಗೂ ಪರೀಕ್ಷೆ ಉಂಟು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪುಟ್ಟ ಉಪಗ್ರಹ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35 ರಾಕೆಟ್‌ನಲ್ಲಿ ಹೋಯಿತು. ತೂಕ ಸುಮಾರು 5 ಕಿಲೋ. ಇಂಥ ಉಪಗ್ರಹ ಭೂಮಿಯನ್ನು ಸುಮಾರು ನೂರು ನಿಮಿಷಕ್ಕೊಮ್ಮೆ ಸುತ್ತಿದರೂ ನೆಲದ ಒಂದು ಆಂಟೆನಾದ ಕಣ್ಣಿಗೆ ಬೀಳುವುದು ದಿನಕ್ಕೆ ಕೆಲವೇ ಸಲ, ಪ್ರತಿ ಸಲ ಹತ್ತು-ಹನ್ನೆರಡು ನಿಮಿಷ. ಅಷ್ಟರೊಳಗೆ ಅದರ ಆರೋಗ್ಯದ ಅಂಕಿಗಳನ್ನು ಇಳಿಸಿಕೊಂಡು, ಓದಿ, ಆದೇಶ ಕಳಿಸಿ, ಅದು ತಲುಪಿತೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೇ ನೆಲದ ತಂಡ ಉಡಾವಣೆಗೆ ಮೊದಲೇ, ಗಡಿಯಾರ ಇಟ್ಟುಕೊಂಡು, ಸುಳ್ಳು ಆಪತ್ತುಗಳೊಂದಿಗೆ ತಾಲೀಮು ನಡೆಸಬೇಕಾಗುತ್ತದೆ.

ಇಷ್ಟಾದರೂ ಒಂದು ಕಂದಕ ಉಳಿದಿರುತ್ತದೆ. ಸಾಫ್ಟ್‌ವೇರ್ ಬರೆದಂತೆ ನಡೆಯಿತೇ ಎಂಬುದು ಒಂದು ಪ್ರಶ್ನೆ. ಬರೆದದ್ದೇ ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಪುಟ್ಟ ಉಪಗ್ರಹಗಳಿಗೆಂದೇ ಇಸ್ರೊ ಕಟ್ಟಿದ ಎಸ್‌ಎಸ್‌ಎಲ್‌ವಿ ರಾಕೆಟ್ 2022ರ ಆಗಸ್ಟ್ 7ರಂದು ಮೊದಲ ಸಲ ಹಾರಿದಾಗ ಕಾಡಿದ್ದು ಎರಡನೆಯ ಪ್ರಶ್ನೆ. ಎರಡನೇ ಹಂತ ಕಳಚಿಕೊಳ್ಳುವಾಗ ನಿರೀಕ್ಷೆ ಮೀರಿದ ಕಂಪನ ಕ್ಷಣಕಾಲ ವೇಗೋತ್ಕರ್ಷ ಸೆನ್ಸರ್‌ಗಳನ್ನು ಅಲ್ಲಾಡಿಸಿತು. ದೋಷ ಪತ್ತೆಹಚ್ಚುವ ಸಾಫ್ಟ್‌ವೇರ್ ತನಗೆ ಹೇಳಿಕೊಟ್ಟಂತೆಯೇ ನಡೆದು, ಸೆನ್ಸರ್‌ಗಳೆಲ್ಲ ಕೆಟ್ಟಿವೆ ಎಂದು ತೀರ್ಮಾನಿಸಿತು. ಅವು ಕೆಟ್ಟಿರಲಿಲ್ಲ. ಆದರೂ ಅವುಗಳ ಅಳತೆಯನ್ನು ಕೈಬಿಟ್ಟೇ ರಾಕೆಟ್ ಮುಂದೆ ಸಾಗಿತು. 356 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಗೆ ಬದಲು ಉಪಗ್ರಹಗಳು ಒಂದು ತುದಿಯಲ್ಲಿ 76 ಕಿ.ಮೀ.ಗೆ ಇಳಿಯುವ ಕಕ್ಷೆಗೆ ಬಿದ್ದವು. ಅಲ್ಲಿ ಗಾಳಿಯೇ ಅವುಗಳನ್ನು ಕೆಳಗೆಳೆಯುತ್ತದೆ. ಹಳ್ಳಿ ಶಾಲೆಗಳ 750 ಹೆಣ್ಣುಮಕ್ಕಳು ಕೈಹಾಕಿ ಕಟ್ಟಿದ ಆಜಾದಿಸ್ಯಾಟ್ ಹೋದದ್ದು ಹೀಗೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಸ್ರೊ ಹಂತ ಕಳಚುವ ವ್ಯವಸ್ಥೆಯನ್ನೂ ಸೆನ್ಸರ್‌ಗಳನ್ನು ಕೆಟ್ಟವೆಂದು ಘೋಷಿಸುವ ತರ್ಕವನ್ನೂ ಬದಲಿಸಿತು. 2023ರ ಫೆಬ್ರವರಿ 10ರಂದು ಎರಡನೇ ಎಸ್‌ಎಸ್‌ಎಲ್‌ವಿ ಹಾರಿ, ಆಜಾದಿಸ್ಯಾಟ್-2 ಸೇರಿ ಮೂರು ಉಪಗ್ರಹಗಳನ್ನು 450 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಬಿಟ್ಟಿತು.